ಆಫ್ರಿಕನ್ ಹಂದಿ ಜ್ವರ ಬಂದ್ರೆ ಕೊಂದ ಹಂದಿಗೆ ದುಡ್ಡು ಸಿಗ್ತದಾ?

ಪ್ರಶ್ನೆ: ಕಾರ್ಕಳ ಹತ್ರ ನಮ್ಮದು ಸಣ್ಣ ಫಾರ್ಮ್, 40 ಹಂದಿ ಉಂಟು. ನಿನ್ನೆಯಿಂದ 3 ಸತ್ತವು, ಜೋರು ಜ್ವರ, ಕಿವಿ ಎಲ್ಲ ಕೆಂಪು. ಡಾಕ್ಟ್ರಿಗೆ ಹೇಳಿದ್ರೆ ಎಲ್ಲ ಕೊಲ್ಲಿಸ್ತಾರೆ ಅಂತ ಮನೆಯಲ್ಲಿ ಹೆದರಿಕೆ, ಸೊಸೈಟಿ ಲೋನ್ ಬೇರೆ. ಎಂತ ಮಾಡುದು ಮಾರಾಯ್ರೆ?

ಉತ್ತರ: ಇವತ್ತೇ ಹೇಳಿ. ಪಶು ಇಲಾಖೆಯವ್ರು ಕೊಂದದ್ದಕ್ಕೆ ಮಾತ್ರ ಪರಿಹಾರ, ತಾನಾಗಿ ಸತ್ತದ್ದಕ್ಕೆ ಇಲ್ಲ, ಹಾಗಾಗಿ ಲೇಟ್ ಮಾಡಿದಷ್ಟು ನಿಮಗೇ ಲಾಸ್. ಲ್ಯಾಬಲ್ಲಿ ಪಾಸಿಟಿವ್ ಬಂದ್ರೆ 1 ಕಿಮೀ ಒಳಗಿನ ಹಂದಿ ಎಲ್ಲ ಕೊಲ್ತಾರೆ, 10 ಕಿಮೀ ತನಕ ನಿಗಾ. ರೇಟ್ ತೂಕದ ಮೇಲೆ, 2022ರಲ್ಲಿ ವಯನಾಡಲ್ಲಿ ಬಂದಾಗ 15 ಕೆಜಿ ಒಳಗಿನ ಮರಿಗೆ 2200, 100 ಕೆಜಿ ದಾಟಿದ್ದಕ್ಕೆ 15000 ಇತ್ತು. ಕೇಂದ್ರ ಅರ್ಧ ರಾಜ್ಯ ಅರ್ಧ.

ಇನ್ನೊಬ್ರು: ರೇಟ್ ಎಲ್ಲ ಸರಿ, ಅಕೌಂಟಿಗೆ ಬರುವಾಗ ಮಳೆಗಾಲ ಮುಗೀತದೆ 😄 ಕೊಲ್ಲುವ ಮೊದ್ಲು ಎಷ್ಟು ಹಂದಿ, ಎಷ್ಟು ತೂಕ ಅಂತ ಬರೆಸಿ ಸೈನ್ ಹಾಕಿಸಿ, ಫೋಟೋ ಇಟ್ಕೊಳ್ಳಿ. ಸತ್ತದ್ದನ್ನು ಹೊಳೆಗೆ ಬಿಸಾಡ್ಬೇಡಿ ಮತ್ತೆ. ಹೋಟೆಲ್ ಮುಸುರೆ ಕುದಿಸದೆ ಹಾಕ್ತಿದ್ರಾ? ಅದ್ರಿಂದ್ಲೂ ಬಂದಿರ್ಬಹುದು.

ಪ್ರಶ್ನೆ ಕೇಳಿದವ: ಹೌದು, ಮದುವೆ ಹಾಲಿಂದು. ಮನುಷ್ಯರಿಗೆ ಬರ್ತದಾ?

ಉತ್ತರ: ಇಲ್ಲ, ಹಂದಿಗೆ ಮಾತ್ರ. ಮಾರ್ಲಿಕ್ಕೆ ಹೋಗ್ಬೇಡಿ ಅಷ್ಟೆ.

ಪ್ರಶ್ನೆ ಕೇಳಿದವ: ಫೋನ್ ಮಾಡಿದೆ, ನಾಳೆ ಬೆಳಿಗ್ಗೆ ಬರ್ತಾರಂತೆ.