14 ತಿಂಗಳ ಮಗಳಿಗೆ ಯೂರಿನ್ ಇನ್ಫೆಕ್ಷನ್, ಸ್ಕ್ಯಾನ್ ಬೇಕೇ ಬೇಕಾ?

ಪ್ರಶ್ನೆ (ಗುಬ್ಬಿಯಿಂದ ಒಬ್ಬ ತಾಯಿ): ನಮಸ್ತೆ ಮೇಡಂ. ಮಗಳಿಗೆ 14 ತಿಂಗಳು. ಹೋದ ವಾರ ನಾಲ್ಕು ದಿನ ಜ್ವರ ಬಿಡಲೇ ಇಲ್ಲ, ನೆಗಡಿ ಕೆಮ್ಮು ಏನೂ ಇರಲಿಲ್ಲ. ಯೂರಿನ್ ಕಲ್ಚರ್‌ನಲ್ಲಿ (ಉಚ್ಚೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡುವ ಟೆಸ್ಟ್) ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಬಂತು. ಔಷಧಿ ಶುರು ಮಾಡಿದ ಎರಡನೇ ದಿನಕ್ಕೆ ಜ್ವರ ಇಳಿಯಿತು. ಈಗ ತುಮಕೂರಲ್ಲಿ ಕಿಡ್ನಿ ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಮಗು ಆಡಿಕೊಂಡಿದೆ, ಸುಮ್ನೆ ಯಾಕೆ ಅಂತಾರೆ ನಮ್ಮತ್ತೆ. ಅದರ ಕಿರಣ ಮಗುಗೆ ಕೆಟ್ಟದ್ದಲ್ವಾ?

ಉತ್ತರ (ಸ್ಕ್ಯಾನಿಂಗ್ ಡಾಕ್ಟರ್, ತುಮಕೂರು): ಮಾಡಿಸಿ ಅಮ್ಮ. ಇದರಲ್ಲಿ ಎಕ್ಸ್‌ರೇ ಥರ ಕಿರಣ ಇಲ್ಲ, ಬರೀ ಶಬ್ದದ ಅಲೆ. ಅತ್ತೆಯವರಿಗೂ ಹೇಳಿ, ಬಸಿರಲ್ಲಿ ನಿಮಗೆ ಮಾಡಿದರಲ್ಲ, ಅದೇ ಸ್ಕ್ಯಾನ್. ಇನ್ಫೆಕ್ಷನ್ ಇದೆಯೋ ಇಲ್ಲವೋ ಅಂತ ನೋಡೋಕೆ ಅಲ್ಲ ಇದು, ಅದನ್ನು ಕಲ್ಚರ್ ಆಗಲೇ ಹೇಳಿದೆ. ನಾವು ನೋಡೋದು ಎರಡು ಕಿಡ್ನಿ ಸರಿಯಾಗಿ ಬೆಳೆದಿವೆಯಾ, ಒಂದರಲ್ಲಿ ನೀರು ತುಂಬಿ ಊದಿದೆಯಾ, ಉಚ್ಚೆ ಹೊರಗೆ ಬರುವ ದಾರಿಯಲ್ಲಿ ಎಲ್ಲಾದರೂ ತಡೆ ಇದೆಯಾ ಅಂತ. ಇಂಥ ತೊಂದರೆ ಹುಟ್ಟಿನಿಂದಲೇ ಇದ್ದರೂ ಮಗು ನಗುನಗುತ್ತಾ ಓಡಾಡಿಕೊಂಡಿರುತ್ತೆ. ಎರಡು ವರ್ಷದೊಳಗೆ ಜ್ವರದ ಜೊತೆ ಮೊದಲ ಸಲ ಯೂರಿನ್ ಇನ್ಫೆಕ್ಷನ್ ಆದರೆ ಈ ಸ್ಕ್ಯಾನ್ ಮಾಡಿಸಲೇಬೇಕು ಅನ್ನೋದು ನನ್ನ ಮಾತು.

ಹೊಟ್ಟೆ ಖಾಲಿ ಬೇಡ. ಬರುವ ಮುಂಚೆ ಹಾಲು, ನೀರು ಚೆನ್ನಾಗಿ ಕುಡಿಸಿ, ಮೂತ್ರಕೋಶ ತುಂಬಿರಲಿ. ಜೆಲ್ ತಣ್ಣಗಿದ್ದರೆ ಮಕ್ಕಳು ಬೆಚ್ಚಿ ಅಳ್ತಾರೆ, ಅದಕ್ಕೆ ನಾನು ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟಿರ್ತೀನಿ. ಹೊಟ್ಟೆ ಮೇಲೆ ಆಡಿಸುವ ಸ್ಕ್ಯಾನ್ ಉಪಕರಣ (ಪ್ರೋಬ್) ಒತ್ತಿದ ತಕ್ಷಣ ಎಷ್ಟೋ ಮಕ್ಕಳು ಅಲ್ಲೇ ಉಚ್ಚೆ ಹೊಯ್ಯುತ್ತವೆ, ಆದ್ದರಿಂದ ಮೊದಲು ಮೂತ್ರಕೋಶ ನೋಡಿಕೊಂಡು ಆಮೇಲೆ ಕಿಡ್ನಿಗೆ ಹೋಗ್ತೀನಿ. ಮುಜುಗರ ಬೇಡ, ಒಂದು ಜೊತೆ ಬಟ್ಟೆ ಜಾಸ್ತಿ ತನ್ನಿ.

ಪ್ರಶ್ನೆ (ಅದೇ ತಾಯಿ, ವಾರದ ನಂತರ): ಮಾಡಿಸಿದ್ವಿ ಮೇಡಂ, ನಾರ್ಮಲ್ ಬಂತು! ಇನ್ನು ಭಯ ಇಲ್ಲ ಅಲ್ವಾ?

ಉತ್ತರ: ತುಂಬಾ ಸಂತೋಷ ಆಯಿತು. ಆದರೆ ಒಂದು ಮಾತು. ಕೆಲವು ಮಕ್ಕಳಲ್ಲಿ ಉಚ್ಚೆ ಮೂತ್ರಕೋಶದಿಂದ ವಾಪಸ್ ಕಿಡ್ನಿ ಕಡೆ ಏರುತ್ತೆ, ರಿಫ್ಲಕ್ಸ್ ಅಂತೀವಿ. ಸ್ಕ್ಯಾನ್ ನಾರ್ಮಲ್ ಇದ್ದರೂ ಅದು ಇರಬಹುದು. ಅದನ್ನು ನೋಡೋಕೆ ಉಚ್ಚೆ ದಾರಿಯಲ್ಲಿ ಪೈಪ್ ಹಾಕಿ ಎಕ್ಸ್‌ರೇ ತೆಗೆಯುವ ಎಂಸಿಯು ಅನ್ನೋ ಪರೀಕ್ಷೆ ಇದೆ, ಮಗುಗೆ ಹಿಂಸೆ, ಸ್ಕ್ಯಾನ್ ನಾರ್ಮಲ್ ಬಂದು ಔಷಧಿಗೂ ಬೇಗ ಜ್ವರ ಬಿಟ್ಟ ನಿಮ್ಮ ಮಗಳಿಗೆ ಈಗ ಬೇಡ. ಇನ್ಫೆಕ್ಷನ್ ಮತ್ತೆ ಬಂದರೆ ಆಗ ಯೋಚಿಸ್ತಾರೆ.

ಕೊಟ್ಟ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಿ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ಅದರಿಂದಲೂ ಇನ್ಫೆಕ್ಷನ್ ಮರುಕಳಿಸುತ್ತೆ. ಮುಂದೆ ಯಾವಾಗಲಾದರೂ ಕಾರಣ ಗೊತ್ತಾಗದ ಜ್ವರ ಬಂದರೆ ಮೆಡಿಕಲ್ ಶಾಪಲ್ಲಿ ಕೇಳಿ ಆಂಟಿಬಯಾಟಿಕ್ ಕುಡಿಸಬೇಡಿ. ಅದನ್ನು ಕುಡಿಸಿದ ಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಮೊದಲು ಉಚ್ಚೆ ಟೆಸ್ಟ್, ಆಮೇಲೆ ಔಷಧಿ.