ಡೋಜರ್, ಗ್ರೇಡರ್‌ಗಳಿಗೆ ಲೇಸರ್ ಸಾಕೇ, ಜಿಪಿಎಸ್ ಬೇಕೇ?

ಪ್ರಶ್ನೆ – ಮಣ್ಣು ಕೆಲಸದ ಗುತ್ತಿಗೆದಾರ

ನಮ್ಮ ಬಳಿ ಮಣ್ಣು ತಳ್ಳುವ ಒಂದು ಡೋಜರ್, ನೆಲ ಮಟ್ಟ ಮಾಡುವ ಒಂದು ಗ್ರೇಡರ್ ಮತ್ತು ಅಗೆಯುವ ಎರಡು ಎಕ್ಸ್‌ಕವೇಟರ್‌ಗಳಿವೆ. ಇದುವರೆಗೆ ಗೂಟ ಹೊಡೆದು, ದಾರ ಕಟ್ಟಿ, ಆಟೋ ಲೆವೆಲ್‌ನಿಂದ ಮಟ್ಟ ನೋಡಿಕೊಂಡೇ ಕೆಲಸ ಮಾಡಿಸಿದ್ದೇವೆ. ಡೋಜರ್ ನಾಲ್ಕು ಬಾರಿ ಓಡಾಡುವಷ್ಟರಲ್ಲಿ ಅರ್ಧ ಗೂಟಗಳು ಮಣ್ಣಿನಡಿ ಸೇರಿಹೋಗುತ್ತವೆ; ಸರ್ವೇಯರ್ ಬಂದು ಅವುಗಳನ್ನು ಮತ್ತೆ ನೆಡುವವರೆಗೆ ಯಂತ್ರ ನಿಂತಲ್ಲೇ ನಿಂತಿರುತ್ತದೆ. ಮುಂದೆ ಎರಡು ಬಗೆಯ ಕೆಲಸಗಳಿವೆ: ಗೋದಾಮುಗಳಿಗೆ ವಿಶಾಲವಾದ ಸಮತಟ್ಟು ನೆಲ ಮಾಡುವುದು ಮತ್ತು ತಿರುವುಗಳುಳ್ಳ ರಸ್ತೆಯ ಮಣ್ಣಿನ ಕೆಲಸ. ಎರಡಕ್ಕೂ ಲೇಸರ್ ಸಾಕಾಗುತ್ತದೆಯೇ? ಜಿಪಿಎಸ್ ಅಳವಡಿಸಿದರೆ ಎತ್ತರದ ವಿಷಯದಲ್ಲಿ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಯಂತ್ರದ ಮೇಲೆ ಕುಳಿತು ಕೆಲಸ ಮಾಡಿದವರ ಅಭಿಪ್ರಾಯವೂ ತಿಳಿದರೆ ಬಹಳ ಉಪಕಾರವಾಗುತ್ತದೆ.

ಉತ್ತರ – ಸರ್ವೇಯರ್

ನಿಮ್ಮ ಎರಡು ಕೆಲಸಗಳಿಗೆ ಎರಡು ಬೇರೆ ಉತ್ತರಗಳಿವೆ, ಏಕೆಂದರೆ ಇಲ್ಲಿ ತೀರ್ಮಾನ ಮಾಡಬೇಕಾದದ್ದು ನೆಲಕ್ಕೆ ಕೊನೆಯಲ್ಲಿ ಬರಬೇಕಾದ ಆಕಾರ. ಟ್ರೈಪಾಡ್ ಮೇಲೆ ತಿರುಗುವ ಲೇಸರ್ ಗಾಳಿಯಲ್ಲಿ ಒಂದೇ ಒಂದು ಸಮತಲವನ್ನು ಹರಡುತ್ತದೆ. ಆ ಸಮತಲ ಮಟ್ಟವಾಗಿರಬಹುದು, ಒಂದು ಅಥವಾ ಎರಡು ದಿಕ್ಕಿಗೆ ಇಳಿಜಾರಾಗಿಯೂ ಇರಬಹುದು, ಆದರೆ ಬಾಗಲಾರದು. ಬ್ಲೇಡಿನ ಕಂಬದ ಮೇಲಿರುವ ರಿಸೀವರ್ ಆ ಕಿರಣವನ್ನು ಹಿಡಿದು, ಬ್ಲೇಡ್ ಎಷ್ಟು ಮೇಲಿದೆ ಅಥವಾ ಕೆಳಗಿದೆ ಎಂಬುದನ್ನು ಹೈಡ್ರಾಲಿಕ್ ವಾಲ್ವ್‌ಗೆ ತಿಳಿಸುತ್ತದೆ. ಗೋದಾಮಿನ ನೆಲಕ್ಕೆ ಇದಕ್ಕಿಂತ ಸರಳವಾದ, ನಿಖರವಾದ ವ್ಯವಸ್ಥೆ ಬೇಡ. ಒಂದೇ ಲೇಸರ್‌ನ ಕೆಳಗೆ ಎಷ್ಟು ಯಂತ್ರಗಳು ಬೇಕಾದರೂ ಕೆಲಸ ಮಾಡಬಹುದು. ಲೇಸರನ್ನು ಮಾತ್ರ ಜಾಗದ ಒಂದು ಮೂಲೆಯಲ್ಲಿಡದೆ ನಡುವಿನಲ್ಲಿಡಿ: 300 ಮೀಟರ್ ದೂರದಲ್ಲಿ ಭೂಮಿಯ ದುಂಡುತನವೊಂದರಿಂದಲೇ ಸುಮಾರು 7 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಮಧ್ಯಾಹ್ನದ ಬಿಸಿಗಾಳಿಯಲ್ಲಿ ಕಿರಣ ನಡುಗುವುದು ಬೇರೆ.

ರಸ್ತೆಯ ಕಥೆ ಹಾಗಲ್ಲ. ತಿರುವಿನಲ್ಲಿ ಅಡ್ಡ ಇಳಿಜಾರು ಪ್ರತಿ ಕೆಲವು ಮೀಟರಿಗೆ ಬದಲಾಗುತ್ತದೆ, ಉದ್ದಕ್ಕೂ ಏರಿಳಿತವಿರುತ್ತದೆ. ಇದನ್ನು ಒಂದು ಸಮತಲದಲ್ಲಿ ಹಿಡಿದಿಡಲು ಬರುವುದಿಲ್ಲ. ಅಲ್ಲಿ ವಿನ್ಯಾಸದ ಮೂರು ಆಯಾಮದ ಮಾದರಿಯನ್ನು ಯಂತ್ರದ ಕಂಪ್ಯೂಟರಿಗೆ ಹಾಕಿ, ಉಪಗ್ರಹಗಳಿಂದ ಬ್ಲೇಡಿನ ಸ್ಥಾನವನ್ನು ಕಂಡುಕೊಳ್ಳುವ ಜಿಪಿಎಸ್ ವ್ಯವಸ್ಥೆಯೇ ಬೇಕು. ಫೋನಿನಲ್ಲಿರುವಂತಹ ಜಿಪಿಎಸ್ ಮೀಟರುಗಳಷ್ಟು ತಪ್ಪುತ್ತದೆ. ಯಂತ್ರಗಳಲ್ಲಿ ಬಳಸುವುದು ಆರ್‌ಟಿಕೆ ವಿಧಾನ: ನಿರ್ದೇಶಾಂಕ ಗೊತ್ತಿರುವ ಬಿಂದುವಿನ ಮೇಲೆ ಬೇಸ್ ಸ್ಟೇಷನ್ ಇಟ್ಟು, ಅದರ ತಿದ್ದುಪಡಿಯನ್ನು ರೇಡಿಯೋ ಮೂಲಕ ಯಂತ್ರಕ್ಕೆ ಕಳುಹಿಸಲಾಗುತ್ತದೆ. ತೆರೆದ ಆಕಾಶದಡಿ ನೆಲದ ಮೇಲಿನ ಸ್ಥಾನದಲ್ಲಿ ಸುಮಾರು 1 ಸೆಂಟಿಮೀಟರ್, ಎತ್ತರದಲ್ಲಿ ಸುಮಾರು 2 ಸೆಂಟಿಮೀಟರ್ ನಿಖರತೆ ನಿರೀಕ್ಷಿಸಬಹುದು. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿರುತ್ತವೆ, ಕೆಳಗೆ ಒಂದೂ ಇರುವುದಿಲ್ಲ. ಎತ್ತರದ ಅಳತೆ ಯಾವಾಗಲೂ ದುರ್ಬಲವಾಗಿರುವುದಕ್ಕೆ ಅದೇ ಮುಖ್ಯ ಕಾರಣ. ಕಟಿಂಗ್, ಫಿಲ್ಲಿಂಗ್ (ಮಣ್ಣು ಕಡಿಯುವ, ತುಂಬುವ) ಕೆಲಸಕ್ಕೆ ಇಷ್ಟು ಧಾರಾಳವಾಗಿ ಸಾಕು. ರಸ್ತೆಯ ಮೇಲಿನ ಪದರಗಳಿಗೆ ಮಿಲಿಮೀಟರ್ ಲೆಕ್ಕ ಬಂದಾಗ ಗ್ರೇಡರಿನ ಮೇಲೆ ಬೆಳಕನ್ನು ಮರಳಿಸುವ ಪ್ರಿಸಮ್ ಇಟ್ಟು, ಅದನ್ನು ತಾನಾಗಿಯೇ ಹಿಂಬಾಲಿಸುವ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೇ ಉಪಕರಣ) ಬಳಸುವುದು ಒಳ್ಳೆಯದು. ಒಂದು ಉಪಕರಣ ಒಂದೇ ಯಂತ್ರವನ್ನು ನಡೆಸಬಲ್ಲದು ಮತ್ತು ನಡುವೆ ಲಾರಿ ಬಂದು ನಿಂತರೆ ಕೆಲಸ ನಿಲ್ಲುತ್ತದೆ, ನಿಜ. ಆದರೂ ಆ ಪದರಗಳಲ್ಲಿ ಉಳಿತಾಯವಾಗುವ ಸಾಮಗ್ರಿ ಅದನ್ನೆಲ್ಲ ಸರಿದೂಗಿಸುತ್ತದೆ.

ಉತ್ತರ – ಡೋಜರ್ ಆಪರೇಟರ್

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಕ್ಯಾಬಿನ್ ಒಳಗಿನಿಂದ ಕಾಣುವ ಎರಡು ಮಾತುಗಳನ್ನು ಸೇರಿಸುತ್ತೇನೆ.

ಮೊದಲನೆಯದು ಬ್ಲೇಡಿನ ಕಟಿಂಗ್ ಎಡ್ಜ್, ಅಂದರೆ ಮಣ್ಣು ಕೆರೆಯುವ ಕೆಳ ಅಂಚು. ಲೇಸರ್ ಆಗಲಿ ಜಿಪಿಎಸ್ ಆಗಲಿ ಅಂಚನ್ನು ನೇರವಾಗಿ ನೋಡುವುದಿಲ್ಲ; ರಿಸೀವರ್ ಅಥವಾ ಆಂಟೆನಾದಿಂದ ಅಂಚಿನವರೆಗೆ ನಾವು ಅಳೆದು ತುಂಬಿಸಿದ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕುತ್ತದೆ. ಅಂಚು 15 ಮಿಲಿಮೀಟರ್ ಸವೆದಿದ್ದರೆ, ಪರದೆ ಸರಿಯಾದ ಮಟ್ಟ ತೋರಿಸುತ್ತಿರುವಾಗಲೇ ನೆಲ 15 ಮಿಲಿಮೀಟರ್ ಎತ್ತರದಲ್ಲಿ ಉಳಿದಿರುತ್ತದೆ. ಹೊಸ ಅಂಚು ಹಾಕಿ ಸಂಖ್ಯೆ ಬದಲಿಸದಿದ್ದರೆ ಅಷ್ಟೇ ಆಳಕ್ಕೆ ಹೆಚ್ಚು ಕೆರೆಯುತ್ತದೆ. ಕಲ್ಲು ಮಿಶ್ರಿತ ಮಣ್ಣಿನಲ್ಲಿ ಅಂಚು ಬೇಗ ಸವೆಯುತ್ತದೆ, ಹಾಗಾಗಿ ಅಂತಹ ಜಾಗದಲ್ಲಿ ಪ್ರತಿದಿನ ಬೆಳಿಗ್ಗೆ ಬ್ಲೇಡನ್ನು ಗೊತ್ತಿರುವ ಮಟ್ಟದ ಬಿಂದುವಿನ ಮೇಲೆ ಇಳಿಸಿ, ಪರದೆಯ ಅಂಕಿಯೊಂದಿಗೆ ಹೋಲಿಸಿಯೇ ಕೆಲಸ ಶುರು ಮಾಡಬೇಕು.

ಎರಡನೆಯದು ಆಟೋಮ್ಯಾಟಿಕ್ ಗುಂಡಿ. ಅಂತಿಮ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲಿರುವಾಗಲೇ ಅದನ್ನು ಒತ್ತಿದರೆ ಬ್ಲೇಡ್ ಒಂದೇ ಸಲಕ್ಕೆ ಕೆಳಗಿನ ಮಟ್ಟ ಮುಟ್ಟಲು ಹೋಗಿ, ಮಣ್ಣು ಮುಂದೆ ಗುಡ್ಡೆಯಾಗಿ, ಟ್ರ್ಯಾಕ್‌ಗಳು ಜಾರಲು ಶುರುವಾಗುತ್ತವೆ. ಮೊದಲ ಸುತ್ತುಗಳನ್ನು ಪರದೆ ನೋಡಿಕೊಂಡು ಕೈಯಿಂದಲೇ ಮಾಡಬೇಕು, ಅಥವಾ ವಿನ್ಯಾಸದ ಮಟ್ಟಕ್ಕಿಂತ ಇಷ್ಟು ಮೇಲೆ ಎಂದು ಅಂತರ ಕೊಟ್ಟು ಪದರ ಪದರವಾಗಿ ಇಳಿಯಬೇಕು. ಕೊನೆಯ ಒಂದೆರಡು ಸುತ್ತುಗಳಲ್ಲಿ ಆಟೋಮ್ಯಾಟಿಕ್ ತೋರುವ ಕೈಚಳಕ ಎಂಥ ಅನುಭವಿಗೂ ಕಷ್ಟ.

ಮರುಪ್ರಶ್ನೆ – ಮಣ್ಣು ಕೆಲಸದ ಗುತ್ತಿಗೆದಾರ

ಇಬ್ಬರಿಗೂ ಧನ್ಯವಾದಗಳು. ಇನ್ನೂ ಎರಡು ಸಂದೇಹಗಳಿವೆ. ಎಕ್ಸ್‌ಕವೇಟರಿನ ಬಕೆಟ್ ಎಲ್ಲಿದೆ ಎಂಬುದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ಮತ್ತೆ, ಕೆಲವು ಕಡೆ ಬೆಳಿಗ್ಗೆ ಸರಿಯಾಗಿದ್ದ ಎತ್ತರ ಮಧ್ಯಾಹ್ನ ಬದಲಾಗುತ್ತದೆ ಎಂದು ಕೇಳಿದ್ದೇನೆ, ಅದು ನಿಜವೇ?

ಉತ್ತರ – ಸರ್ವೇಯರ್

ಬೂಮ್, ಸ್ಟಿಕ್ (ಎಕ್ಸ್‌ಕವೇಟರಿನ ತೋಳಿನ ಎರಡು ಭಾಗಗಳು) ಮತ್ತು ಬಕೆಟ್ ಮೇಲೆ ಒಂದೊಂದು ಕೋನ ಅಳೆಯುವ ಸೆನ್ಸರ್ ಇರುತ್ತದೆ; ಪಿನ್ನಿನಿಂದ ಪಿನ್ನಿಗೆ ಇರುವ ಉದ್ದವನ್ನು ಮೊದಲೇ ಅಳೆದು ತುಂಬಿಸಿರುತ್ತಾರೆ. ಯಂತ್ರದ ಹಿಂಭಾಗದ ಎರಡು ಆಂಟೆನಾಗಳು ಸ್ಥಾನವನ್ನೂ ಯಂತ್ರ ಮುಖ ಮಾಡಿರುವ ದಿಕ್ಕನ್ನೂ ಕೊಡುತ್ತವೆ. ಇವೆಲ್ಲ ಸೇರಿದಾಗ ಹಲ್ಲಿನ ತುದಿಯ ಸ್ಥಾನ ಸಿಗುತ್ತದೆ. ನೀರಿನ ಕೆಳಗೆ, ಆಪರೇಟರಿಗೆ ಕಾಣದ ಜಾಗದಲ್ಲಿ ಅಗೆಯುವಾಗ ಇದರ ಬೆಲೆ ಅರಿವಾಗುತ್ತದೆ. ಪಿನ್, ಬುಷ್‌ಗಳು ಸಡಿಲವಾದ ಹಳೆಯ ಯಂತ್ರಕ್ಕೆ ಇದನ್ನು ಕೂರಿಸುವ ಮುನ್ನ ಅವುಗಳನ್ನು ಬದಲಿಸಿ. ಆ ಸಡಿಲ ನೇರವಾಗಿ ಆಳದ ಅಳತೆಯಲ್ಲಿ ತಪ್ಪಾಗಿ ಬರುತ್ತದೆ.

ಎತ್ತರ ಬದಲಾಗುವುದು ನಿಜ. ಉಪಗ್ರಹಗಳು ಆಕಾಶದಲ್ಲಿ ಸರಿಯುತ್ತಲೇ ಇರುತ್ತವೆ. ಒಂದು ಕಡೆ ಎತ್ತರದ ಕಟ್ಟಡ, ದಟ್ಟ ಮರಗಳು ಅಥವಾ ಆಳವಾದ ಕಟಿಂಗ್ ಇದ್ದರೆ ಕಾಣುವ ಉಪಗ್ರಹಗಳು ಕಡಿಮೆಯಾಗುವುದಲ್ಲದೆ, ಗೋಡೆಗೆ ಬಡಿದು ಬರುವ ಸಂಕೇತ ಅಳತೆಯನ್ನು ಕೆಡಿಸುತ್ತದೆ. ಪರದೆಯಲ್ಲಿ ಫಿಕ್ಸ್ (ಸೆಂಟಿಮೀಟರ್ ನಿಖರತೆಯ ಸ್ಥಿತಿ) ಇದ್ದದ್ದು ಫ್ಲೋಟ್ (ಸ್ಥಾನ ಖಚಿತವಾಗದ ಸ್ಥಿತಿ) ಎಂದಾದ ಕೂಡಲೇ ಅಂತಿಮ ಮಟ್ಟದ ಕೆಲಸ ನಿಲ್ಲಿಸಬೇಕು, ಏಕೆಂದರೆ ಆಗ ತಪ್ಪು ಹತ್ತಾರು ಸೆಂಟಿಮೀಟರಿಗೂ ಹೋಗಬಹುದು. ಬೇಸ್ ಸ್ಟೇಷನ್ನಿನ ಟ್ರೈಪಾಡ್ ಮೆತ್ತನೆಯ ಮಣ್ಣಿನಲ್ಲಿ ಕುಸಿದರೂ ಎತ್ತರ ಸದ್ದಿಲ್ಲದೆ ಬದಲಾಗುತ್ತದೆ. ಅದಕ್ಕೆ ಕಾಂಕ್ರೀಟ್ ಕಂಬವೇ ಸರಿ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಆರಂಭದಲ್ಲಿ. ಉಪಗ್ರಹಗಳು ಕೊಡುವ ಎತ್ತರ ಭೂಮಿಯ ಆಕಾರಕ್ಕೆ ಹತ್ತಿರವಾದ ಗಣಿತದ ದೀರ್ಘಗೋಳದಿಂದ ಅಳೆದದ್ದು. ನಕ್ಷೆಯಲ್ಲಿರುವುದು ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಅಳೆದದ್ದು. ಭೂಮಿಯ ಕೆಲವೆಡೆ ಇವೆರಡರ ಅಂತರ ನೂರು ಮೀಟರ್ ಮುಟ್ಟುತ್ತದೆ, ಮತ್ತು ದೊಡ್ಡ ಜಾಗದಲ್ಲಿ ಆ ಅಂತರ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಆಗಿರುವುದಿಲ್ಲ. ಆದ್ದರಿಂದ ಜಾಗವನ್ನು ಸುತ್ತುವರಿಯುವಂತೆ ಐದಾರು ಕಂಟ್ರೋಲ್ ಪಾಯಿಂಟ್‌ಗಳನ್ನು (ಸ್ಥಾನ, ಎತ್ತರ ಖಚಿತವಾಗಿ ಗೊತ್ತಿರುವ ಗುರುತುಗಳನ್ನು) ಲೆವೆಲ್ ಮಾಡಿ, ಅವುಗಳಿಗೆ ಜಿಪಿಎಸ್ ಅಳತೆಯನ್ನು ಹೊಂದಿಸಬೇಕು. ಮೂರೇ ಬಿಂದುಗಳಿದ್ದರೆ ಸಮತಲ ಹೇಗಿದ್ದರೂ ಹೊಂದಿಕೊಂಡುಬಿಡುತ್ತದೆ, ಯಾವ ಬಿಂದು ತಪ್ಪಿದೆ ಎಂಬುದು ಗೊತ್ತೇ ಆಗುವುದಿಲ್ಲ. ರಸ್ತೆಯ ಮಾದರಿ ತಯಾರಿಸಿಕೊಡುವವರಿಗೆ ನಕ್ಷೆಯ ಇತ್ತೀಚಿನ ತಿದ್ದುಪಡಿಯನ್ನೇ ಕೊಟ್ಟಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ, ಮತ್ತು ಮೊದಲ ಬಕೆಟ್ ಮಣ್ಣು ಎತ್ತುವ ಮುನ್ನ ತಿರುವಿನ ಆರಂಭ, ನಡು, ಅಂತ್ಯ ಈ ಮೂರು ಕಡೆ ಯಂತ್ರ ತೋರಿಸುವ ವಿನ್ಯಾಸದ ಎತ್ತರವನ್ನು ಕಾಗದದ ನಕ್ಷೆಯೊಂದಿಗೆ ನೀವೇ ಹೋಲಿಸಿ ನೋಡಿ.