ಸಹಾಯ ಬೇಕು: ಅಲ್ಝೈಮರ್ ಇರೋ ಅಮ್ಮ ಸಂಜೆಯಾದ್ರೆ ಮನೆಯಿಂದ ಹೊರಟುಬಿಡ್ತಾರೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಮೈಸೂರಿನ ಕುವೆಂಪುನಗರದಲ್ಲಿ. ಅಮ್ಮನಿಗೆ 76 ವರ್ಷ, ಅಲ್ಝೈಮರ್ ಅನ್ನೋ ಮರೆವಿನ ಕಾಯಿಲೆ ಇದೆ. ಸಂಜೆ ಐದಾದ್ರೆ ಸಾಕು, ಚಡಪಡಿಕೆ ಶುರು. "ಹಸು ಕರೆಯೋ ಹೊತ್ತಾಯ್ತು, ಊರಿಗೆ ಹೋಗ್ಬೇಕು" ಅಂತ ಸೀರೆ, ಸ್ಟೀಲ್ ಲೋಟ ಎಲ್ಲ ಚೀಲಕ್ಕೆ ತುಂಬ್ಕೊಂಡು ಬಾಗಿಲ ಹತ್ರ ನಿಲ್ತಾರೆ. ಕಳೆದ ವಾರ ಗೇಟು ದಾಟಿ ಮುಖ್ಯರಸ್ತೆವರೆಗೂ ಹೋಗಿದ್ರು. ಹೂವಿನ ಅಂಗಡಿಯವರು ಗುರುತು ಹಿಡಿದು ಕೂರಿಸಿಕೊಂಡಿದ್ದರಿಂದ ಸಿಕ್ಕಿದ್ರು. ಆ ತಾಯಿಗೆ ಎಷ್ಟು ಕೈಮುಗಿದ್ರೂ ಸಾಲದು.

ಈಗ ಚಿಲಕ ಬಾಗಿಲ ಮೇಲ್ತುದಿಗೆ ಹಾಕಿಸಿದ್ದೀವಿ, ಬಾಗಿಲು ತೆಗೆದ್ರೆ ಗಂಟೆ ಹೊಡೆಯುತ್ತೆ. ಒಬ್ಬರನ್ನೇ ಒಳಗೆ ಬಿಟ್ಟು ಬೀಗ ಹಾಕಿ ಅಂತ ಕೆಲವರು ಹೇಳ್ತಾರೆ. ಖಂಡಿತ ಬೇಡ, ಗ್ಯಾಸು, ಬೆಂಕಿ ಅಂತ ಏನಾದ್ರೂ ಆದ್ರೆ ಗತಿಯೇನು? ವಾದ ಮಾಡಿದ್ರೂ ಕೆಲಸ ಕೆಡುತ್ತೆ. "ಹಾಲು ಕರೆದಾಯ್ತಮ್ಮ, ಬಾ ಕಾಫಿ ಕುಡಿಯೋಣ" ಅಂದ್ರೆ ಎಷ್ಟೋ ಸಲ ಬಂದು ಕೂರ್ತಾರೆ.

ಎಲ್ಲಿದ್ದಾರೆ ಅಂತ ನಮ್ಮ ಫೋನಲ್ಲಿ ತೋರಿಸೋ, ಸಿಮ್ ಹಾಕೋ ಜಿಪಿಎಸ್ ಟ್ರ್ಯಾಕರ್ ಯಾರಾದ್ರೂ ಬಳಸಿದ್ದೀರಾ? ವಾಚು ಕಟ್ಟಿದ್ರೆ ಕಿತ್ತು ಹಾಕ್ತಾರೆ, ಸೀರೆಯ ಒಳಗೋ ಸರದಲ್ಲೋ ಇಡೋ ಥರದ್ದು ಬೇಕು. ಬ್ಲೂಟೂತ್ ಟ್ಯಾಗ್ ಹತ್ತಿರದಲ್ಲಿ ಯಾರದಾದ್ರೂ ಫೋನ್ ಇದ್ರೆ ಮಾತ್ರ ಕೆಲಸ ಮಾಡುತ್ತೆ, ಅದರ ಮೇಲೆ ನಂಬಿಕೆ ಇಲ್ಲ. ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ಇರೋ, ಮರೆವಿನ ಕಾಯಿಲೆಯವರನ್ನು ನೋಡಿಕೊಂಡು ಅಭ್ಯಾಸವಿರೋ ಹೆಂಗಸರು ಗೊತ್ತಿದ್ರೆ ದಯವಿಟ್ಟು ಮೆಸೇಜ್ ಮಾಡಿ.

ನಮ್ಮಂಥ ಮನೆಯವರು ಇಲ್ಲಿದ್ರೆ ಒಂದು ಮಾತು: ಕಾಣೆಯಾದ್ರೆ ದೂರು ಕೊಡೋಕೆ 24 ಗಂಟೆ ಕಾಯಬೇಕಿಲ್ಲ, ತಕ್ಷಣ 112ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ. ಇತ್ತೀಚಿನ ಫೋಟೋ ಒಂದು ಮೊಬೈಲಲ್ಲಿ ಯಾವಾಗಲೂ ಇರಲಿ.